ಎಂಜಿನ್ನೇ ಬೆನ್ನುಮೂಳೆ: 1/20 ಅಳತೆಯಲ್ಲಿ ಲೋಟಸ್ 49

ಲೋಟಸ್ 49 ಕಾರನ್ನು ಮುಂದಿನಿಂದ ನೋಡಿದರೆ ಆ ಕಾಲದ ಉಳಿದ ಫಾರ್ಮುಲಾ ಒನ್ ಕಾರುಗಳ ಹಾಗೇ ಕಾಣುತ್ತದೆ. ಉದ್ದನೆಯ ಮೂತಿ, ಮೈಯಿಂದ ಆಚೆ ನಿಂತ ನಾಲ್ಕು ಚಕ್ರ, ಸಣ್ಣ ಗಾಜಿನ ಹಿಂದೆ ಚಾಲಕನ ತಲೆ. ಅದನ್ನು ನಿಜವಾಗಿ ನೋಡಬೇಕಾದ್ದು ಹಿಂದಿನಿಂದ. ಸೀಟಿನ ಹಿಂದೆ ಕಾರಿನ ಮೈ ಅಲ್ಲಿಗೇ ಮುಗಿದುಬಿಡುತ್ತದೆ. ಅಲ್ಲಿಂದಾಚೆ ಎಂಜಿನ್, ಎಂಜಿನ್ನಿನ ಬೆನ್ನಿಗೆ ಗೇರ್‌ಬಾಕ್ಸ್, ಅಷ್ಟೇ. ಎಂಜಿನ್ನನ್ನು ಹೊತ್ತುಕೊಳ್ಳುವ ಚೌಕಟ್ಟು ಅಂತ ಏನೂ ಇಲ್ಲ. ಹಿಂದಿನ ಚಕ್ರಗಳ ಭಾರವೆಲ್ಲ ಗೇರ್‌ಬಾಕ್ಸ್ ಮತ್ತು ಎಂಜಿನ್ ಮೂಲಕವೇ ಮುಂದಕ್ಕೆ ಬರಬೇಕು.

ಇದನ್ನು ನಾನು ಎಷ್ಟೋ ಸಲ ಓದಿದ್ದೆ. ಆದರೆ ಓದುವುದೇ ಬೇರೆ, ಕೈಯಲ್ಲಿ ಜೋಡಿಸುವುದೇ ಬೇರೆ. ಜಪಾನಿನ ಎಬ್ರೊ ಕಂಪನಿಯ 1/20 ಅಳತೆಯ ಪ್ಲಾಸ್ಟಿಕ್ ಮಾಡೆಲ್ ಕಿಟ್ ತರಿಸಿ, ಒಂದು ಮಳೆಗಾಲದಿಂದ ಬೇಸಿಗೆಯವರೆಗೆ ಬೆಂಗಳೂರಿನ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಕೂತು ಅದನ್ನು ಕಟ್ಟಿದೆ. ಕಿಟ್‌ನಲ್ಲಿ ಇಲ್ಲದ್ದನ್ನು ಸೇರಿಸುತ್ತಾ ಹೋದ ಹಾಗೆ ಆ ಕಾರು ನನಗೆ ಇನ್ನಷ್ಟು ಅರ್ಥವಾಯಿತು. ಮಾಡೆಲ್ ಕಟ್ಟುವ ಆಸೆ ಇರುವವರಿಗೆ ಕೆಲಸಕ್ಕೆ ಬರಬಹುದು ಅಂತ ಆ ಕೆಲಸದ ಕಥೆಯನ್ನು ಬರೆಯುತ್ತಿದ್ದೇನೆ.

ಮೊದಲು ಕಾರಿನ ಬಗ್ಗೆ ಸ್ವಲ್ಪ. 1966ರಲ್ಲಿ ಫಾರ್ಮುಲಾ ಒನ್ ಎಂಜಿನ್ನಿನ ಮಿತಿ ಒಂದೂವರೆ ಲೀಟರಿನಿಂದ ಮೂರು ಲೀಟರಿಗೆ ಏರಿತು. ಬ್ರಿಟನ್ನಿನ ಲೋಟಸ್ ಕಂಪನಿಯ ಮುಖ್ಯಸ್ಥ ಕಾಲಿನ್ ಚಾಪ್‌ಮನ್ ಹತ್ತಿರ ಒಳ್ಳೆಯ ಮೂರು ಲೀಟರ್ ಎಂಜಿನ್ ಇರಲಿಲ್ಲ. ಅವರು ಫೋರ್ಡ್ ಕಂಪನಿಯನ್ನು ಒಪ್ಪಿಸಿದರು. ಫೋರ್ಡ್ ಒಂದು ಲಕ್ಷ ಪೌಂಡ್ ಕೊಟ್ಟಿತು. ರೇಸ್ ಎಂಜಿನ್ ಮಾಡುವ ಕಾಸ್ವರ್ತ್ ಕಂಪನಿಯ ಕೀತ್ ಡಕ್ವರ್ತ್ ಆ ಹಣದಲ್ಲಿ ಮಾಡಿದ್ದು ಡಿಎಫ್‌ವಿ ಎಂಜಿನ್: 2,993 ಸಿಸಿ, ಎಂಟು ಸಿಲಿಂಡರ್, ಒಂದೊಂದಕ್ಕೆ ನಾಲ್ಕು ವಾಲ್ವ್, ಸುಮಾರು 400 ಅಶ್ವಶಕ್ತಿ. ಚಾಪ್‌ಮನ್ ಮತ್ತು ಲೋಟಸ್‌ನ ವಿನ್ಯಾಸಕ ಮಾರಿಸ್ ಫಿಲಿಪ್ ಆ ಎಂಜಿನ್ನಿಗೆ ತಕ್ಕ ಹಾಗೆ ಕಾರನ್ನು ರೂಪಿಸಿದರು. ಎಂಜಿನ್ನನ್ನೇ ಕಾರಿನ ಭಾಗವಾಗಿಸುವ ಪ್ರಯತ್ನ ಇದೇ ಮೊದಲಲ್ಲ. ಲೋಟಸ್‌ನದೇ ಹಿಂದಿನ 43ನೇ ಮಾದರಿಯಲ್ಲಿ ಬಿಆರ್‌ಎಂ ಕಂಪನಿಯ ಹದಿನಾರು ಸಿಲಿಂಡರ್ ಎಂಜಿನ್ ಅದೇ ಕೆಲಸ ಮಾಡಿತ್ತು. ಆದರೆ ಅದು ವಿಪರೀತ ಭಾರದ ಎಂಜಿನ್. ಡಿಎಫ್‌ವಿಯನ್ನು ಶುರುವಿನಿಂದಲೇ ಭಾರ ಹೊರುವುದಕ್ಕೆ ಅಂತಲೇ ಮಾಡಿದ್ದರು. 

ಯಾವುದೇ ರೇಸ್ ಕಾರಿನ ಮಾಡೆಲ್ ಶುರು ಮಾಡುವ ಮೊದಲು ಒಂದು ದಿನವನ್ನು ಆರಿಸಿಕೊಳ್ಳಬೇಕು. ‘ಲೋಟಸ್ 49’ ಅಂದರೆ ಸಾಲದು. ಯಾವ ರೇಸು, ಯಾರ ಕಾರು, ಎಷ್ಟನೇ ನಂಬರು? ಈ ಕಾರುಗಳು ರೇಸಿನಿಂದ ರೇಸಿಗೆ ಬದಲಾಗುತ್ತಿದ್ದವು. ಒಂದು ಕಡೆ ಒಂದು ಪೈಪು ಜಾಸ್ತಿ, ಇನ್ನೊಂದು ಕಡೆ ಗಾಳಿಗೆ ಅಂತ ತೆಗೆದ ಹೊಸ ಕಿಂಡಿ. ದಿನವನ್ನು ಗೊತ್ತು ಮಾಡಿಕೊಳ್ಳದೆ ಹೋದರೆ ಯಾವತ್ತೂ ಓಡದ ಒಂದು ಕಾರನ್ನು ಕಟ್ಟಿದ ಹಾಗಾಗುತ್ತದೆ.

ನಾನು ಆರಿಸಿಕೊಂಡದ್ದು 1967ರ ಜೂನ್ 4. ಹಾಲೆಂಡಿನ ಸಮುದ್ರ ದಂಡೆಯ ಜಾಂಡ್‌ವೋರ್ಟ್ ಟ್ರ್ಯಾಕ್. ಲೋಟಸ್ 49 ಮತ್ತು ಡಿಎಫ್‌ವಿ ಎರಡಕ್ಕೂ ಅದು ಮೊದಲ ರೇಸು. ಲೋಟಸ್‌ನ ಇಬ್ಬರು ಚಾಲಕರಲ್ಲಿ ಗ್ರಹಾಂ ಹಿಲ್ ಎಲ್ಲರಿಗಿಂತ ಮುಂದಿನ ಜಾಗದಿಂದ ಹೊರಟರು, ಆದರೆ ಎಂಜಿನ್ನಿನ ಟೈಮಿಂಗ್ ಗೇರ್ ಮುರಿದು ನಿಲ್ಲಬೇಕಾಯಿತು. ಗೆದ್ದದ್ದು ಎಂಟನೇ ಜಾಗದಿಂದ ಹೊರಟ ಜಿಮ್ ಕ್ಲಾರ್ಕ್, 5ನೇ ನಂಬರಿನ ಕಾರಿನಲ್ಲಿ. ತೆರಿಗೆಯ ಕಾರಣಕ್ಕೆ ಕ್ಲಾರ್ಕ್ ಆ ವರ್ಷ ಬ್ರಿಟನ್ನಿನ ಹೊರಗೆ ನೆಲೆಸಿದ್ದರು. ಹಾಗಾಗಿ ಕಾರಿನ ಪರೀಕ್ಷೆಯೆಲ್ಲ ಹಿಲ್ ಅವರದ್ದು. ಕ್ಲಾರ್ಕ್ ಆ ಕಾರಿನಲ್ಲಿ ಮೊದಲ ಸಲ ಕೂತದ್ದೇ ಜಾಂಡ್‌ವೋರ್ಟ್‌ಗೆ ಬಂದ ಮೇಲೆ. ಮುಂದೆ ಇದೇ ಮಾದರಿಯ ಕಾರಿನಲ್ಲಿ, 1968ರ ಜನವರಿ 1ರಂದು ದಕ್ಷಿಣ ಆಫ್ರಿಕಾದ ಕ್ಯಾಲಾಮಿಯಲ್ಲಿ ಅವರು 25ನೇ ಗ್ರ್ಯಾನ್ ಪ್ರಿ (ಫಾರ್ಮುಲಾ ಒನ್ ವಿಶ್ವ ಚಾಂಪಿಯನ್‌ಶಿಪ್ಪಿನ ರೇಸು) ಗೆದ್ದು, ಅರ್ಜೆಂಟೀನಾದ ಚಾಲಕ ಫಾಂಜಿಯೋ ಅವರ 24ರ ದಾಖಲೆ ಮುರಿದರು. ಅದೇ ಅವರ ಕೊನೆಯ ಗ್ರ್ಯಾನ್ ಪ್ರಿ. ಏಪ್ರಿಲ್ 7ಕ್ಕೆ ಹಾಕನ್‌ಹೈಮ್‌ನಲ್ಲಿ ಫಾರ್ಮುಲಾ ಟೂ ರೇಸಿನಲ್ಲಿ ತೀರಿಕೊಂಡರು. ಕ್ಯಾಲಾಮಿಯ ಕಾರನ್ನು ಕಟ್ಟುವ ಯೋಚನೆಯೂ ಬಂದಿತ್ತು. ಆದರೆ ನನಗೆ ಬೇಕಾಗಿದ್ದು ಈ ಕಾರಿನ ಮೊದಲ ದಿನ.

ಹಾಗೆ ತೀರ್ಮಾನಿಸಿದ್ದರಿಂದ ಎಷ್ಟೋ ಪ್ರಶ್ನೆ ತಾವಾಗಿಯೇ ಬಗೆಹರಿದವು. ರೆಕ್ಕೆ ಇಲ್ಲ. ಸಿಗರೇಟ್ ಜಾಹೀರಾತಿನ ಕೆಂಪು, ಬಿಳಿ, ಚಿನ್ನದ ಬಣ್ಣ ಇಲ್ಲ, ಅದು ಬಂದದ್ದು 1968ರಲ್ಲಿ. ಹಸಿರು ಮೈ, ನಡುವೆ ಹಳದಿ ಪಟ್ಟೆ. ಗೇರ್‌ಬಾಕ್ಸ್ ಜೆಡ್‌ಎಫ್ ಕಂಪನಿಯದು. ಜೊತೆಗೆ ಇನ್ನೊಂದು ದೊಡ್ಡ ವಿಷಯ: ಅವತ್ತು ಆ ಕಾರು ಹೊಚ್ಚ ಹೊಸದು. ಅದರ ಬಗ್ಗೆ ಆಮೇಲೆ ಹೇಳುತ್ತೇನೆ.

ಕಿಟ್ ಬಂದ ಮೇಲೆ ಅಂಟು ಮುಟ್ಟದೆ ಕೂತೆ. ದೊಡ್ಡ ಭಾಗಗಳನ್ನೆಲ್ಲ ಕತ್ತರಿಸಿ, ಅಂಚು ಉಜ್ಜಿ, ಮಾಸ್ಕಿಂಗ್ ಟೇಪಿನಿಂದಲೇ ಇಡೀ ಕಾರನ್ನು ಒಂದು ಸಲ ನಿಲ್ಲಿಸಿ ನೋಡಿದೆ. ಈ ಕೆಲಸ ಬೇಜಾರು ಅಂತ ಸುಮಾರು ಜನ ಬಿಟ್ಟುಬಿಡುತ್ತಾರೆ. ಹಾಗೆ ಬಿಡಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ, ಅದರಲ್ಲೂ ಈ ಕಾರಿಗೆ. ಮುಂದಿನ ಚಕ್ರದಿಂದ ಹಿಂದಿನ ಚಕ್ರಕ್ಕೆ ಅಸಲಿ ಕಾರಿನಲ್ಲಿ 2,413 ಮಿ.ಮೀ., ಮಾಡೆಲ್‌ನಲ್ಲಿ 12 ಸೆಂಟಿಮೀಟರ್ ಚಿಲ್ಲರೆ. ಅದರ ಹಿಂದಿನ ಅರ್ಧವನ್ನು ಹಿಡಿದುಕೊಳ್ಳಲು ಎಂಜಿನ್ ಬಿಟ್ಟರೆ ಬೇರೇನಿಲ್ಲ. ಎಂಜಿನ್ ಒಂದು ಕೂದಲೆಳೆ ಓರೆಯಾಗಿ ಕೂತರೂ ಹಿಂದಿನ ಒಂದು ಚಕ್ರ ನೆಲ ಬಿಟ್ಟು ಮೇಲೇಳುತ್ತದೆ. ಚೌಕಟ್ಟು ಇರುವ ಕಾರಿನ ಮಾಡೆಲ್‌ನಲ್ಲಿ ಇಂಥ ಓರೆಯನ್ನು ಚೌಕಟ್ಟೇ ಸರಿಮಾಡಿಬಿಡುತ್ತದೆ. ಇಲ್ಲಿ ಆ ಸೌಕರ್ಯ ಇಲ್ಲ. ಗಾಜಿನ ಹಲಗೆಯ ಮೇಲೆ ಚೌಕ ಗೆರೆ ಎಳೆದ ಕಾಗದ ಅಂಟಿಸಿ, ಅದರ ಮೇಲಿಟ್ಟೇ ಎಲ್ಲ ಅಳತೆ ತೆಗೆದುಕೊಂಡೆ.

ಎಂಜಿನ್ನಿನಿಂದಲೇ ಶುರು ಮಾಡಿದೆ. ಈ ಕಾರಿನಲ್ಲಿ ಎಂಜಿನ್ನಿಗೆ ಮುಚ್ಚಳ ಇಲ್ಲ. ಮಾಡಿದ್ದೆಲ್ಲ ಕೊನೆಯವರೆಗೂ ಕಣ್ಣಿಗೆ ಕಾಣುತ್ತದೆ, ಅಲ್ವಾ? ಅದಕ್ಕೇ ನನ್ನ ಅರ್ಧದಷ್ಟು ಸಮಯ ಇಲ್ಲೇ ಕಳೆಯಿತು.

ಲೋಹದ ಬಣ್ಣ ಹಚ್ಚುವಾಗ ನನಗೆ ಸಿಕ್ಕ ಒಳ್ಳೆಯ ಪಾಠ ನಮ್ಮ ಸೋದರಮಾವನಿಂದ ಬಂದದ್ದು. ಅವರು ಪೀಣ್ಯದ ಮೆಷಿನ್ ಶಾಪ್ ಒಂದರಲ್ಲಿ ಜೀವನಪೂರ್ತಿ ದುಡಿದು ನಿವೃತ್ತರಾದವರು. ಎಂಜಿನ್ನಿನ ಪ್ಲಾಸ್ಟಿಕ್ ಬ್ಲಾಕಿಗೆ ನಾನು ಒಂದೇ ಅಲ್ಯೂಮಿನಿಯಂ ಬಣ್ಣವನ್ನು ಎಲ್ಲೆಡೆ ಹೊಡೆಯಲು ಹೊರಟಿದ್ದೆ. ಅವರು ಕನ್ನಡಕ ಹಣೆಗೇರಿಸಿ ಅದನ್ನು ಕಣ್ಣ ಹತ್ತಿರ ಹಿಡಿದು ನೋಡಿದರು.

“ಎರಕ ಹೊಯ್ದ ಜಾಗ ಮಂಕಾಗಿರ್ಬೇಕು ಕಣೋ. ಕಟರ್ ಓಡಿದ ಜಾಗ ಮಾತ್ರ ಹೊಳೀಬೇಕು. ಎರಡೂ ಒಂದೇ ಥರ ಇದ್ರೆ ಲೋಹ ಅನ್ನಿಸಲ್ಲ.”

“ಎಲ್ಲಿ ಕಟರ್ ಓಡಿರುತ್ತೆ ಮಾವ?”

“ಎಲ್ಲಿ ಇನ್ನೊಂದು ಭಾಗ ಬಂದು ಕೂರುತ್ತೋ ಅಲ್ಲಿ. ಮುಖಕ್ಕೆ ಮುಖ ಕೂರೋ ಜಾಗ ಎಲ್ಲಾ ಮೆಷಿನ್ ಆಗಿರುತ್ತೆ.”

ಈ ಒಂದು ಸೂತ್ರ ಇಟ್ಟುಕೊಂಡು ಇಡೀ ಎಂಜಿನ್ನಿಗೆ ಬಣ್ಣ ಹಚ್ಚಿದೆ. ಮೊದಲು ಎಲ್ಲದಕ್ಕೂ ಕಪ್ಪು ಪ್ರೈಮರ್. ಬ್ಲಾಕಿನ ಬದಿಗೆ ಮಂಕು ಅಲ್ಯೂಮಿನಿಯಂ, ಅದಕ್ಕೆ ಒಂದಿಷ್ಟು ಬೂದು ಬೆರೆಸಿ. ಹೆಡ್ಡು ಬ್ಲಾಕಿಗೆ ಸೇರುವ ಗೆರೆ, ಗೇರ್‌ಬಾಕ್ಸ್ ಬಂದು ಕೂರುವ ಅಂಚು, ಪೈಪುಗಳ ಫ್ಲ್ಯಾಂಜ್, ಇವುಗಳಿಗೆ ಸಣ್ಣ ಬ್ರಷ್ಷಿನಲ್ಲಿ ಹೊಳೆಯುವ ಬೆಳ್ಳಿ ಬಣ್ಣ. ಗೇರ್‌ಬಾಕ್ಸಿನ ಕವಚಕ್ಕೆ ಸ್ವಲ್ಪ ಹಳದಿ ಕಡೆಗೆ ವಾಲಿದ ಬೂದು. ಹೆಡ್ಡಿನ ಮೇಲೆ ಕೂರುವ ಕ್ಯಾಮ್ ಕವರ್ ಮೇಲೆ ಉಬ್ಬಿದ ‘ಫೋರ್ಡ್’ ಅಕ್ಷರಗಳಿವೆ. ಕವರಿಗೆ ಬಣ್ಣ ಹೊಡೆದು ಒಣಗಿದ ಮೇಲೆ ಆ ಅಕ್ಷರಗಳ ತಲೆಯನ್ನು ಮಾತ್ರ 2000 ನಂಬರಿನ ವಾಟರ್ ಪೇಪರಿನಿಂದ ಮೆಲ್ಲಗೆ ಸವರಿ ಬೆಳ್ಳಿ ಮುಟ್ಟಿಸಿದೆ. ಕೊನೆಗೆ ತೀರಾ ತೆಳುವಾದ ಕಪ್ಪು ಎಣ್ಣೆ ಬಣ್ಣವನ್ನು ಮೂಲೆಗಳಲ್ಲಿ ಹರಿಯಬಿಟ್ಟು ಒರೆಸಿದೆ. ಮಾವ ಹೇಳಿದ್ದು ಸರಿ. ಬೆರಳುಗಾತ್ರದ ಪ್ಲಾಸ್ಟಿಕ್ ತುಂಡು ಎರಕದ ಲೋಹದ ಹಾಗೆ ಕಾಣತೊಡಗಿತು.

ಆಮೇಲೆ ತುತ್ತೂರಿಗಳು. ಎಂಜಿನ್ನಿನ ನೆತ್ತಿಯ ಮೇಲೆ ಎರಡು ಸಾಲಿನಲ್ಲಿ ಎಂಟು ತುತ್ತೂರಿ ನಿಂತಿರುತ್ತವೆ. ಗಾಳಿ ಒಳಗೆ ಹೋಗುವುದು ಅವುಗಳಿಂದ. ಅಸಲಿಯಲ್ಲಿ ಅವು ತೆಳು ತಗಡಿನವು. ಪ್ಲಾಸ್ಟಿಕ್ ಅಚ್ಚಿನಲ್ಲಿ ಅಷ್ಟು ತೆಳು ಬಾಯಿ ಬರುವುದು ಸಾಧ್ಯವಿಲ್ಲ. ಅರ್ಧ ಮಿಲಿಮೀಟರ್ ದಪ್ಪ ಅಂದರೂ ಇಪ್ಪತ್ತರಿಂದ ಗುಣಿಸಿದರೆ ಒಂದು ಸೆಂಟಿಮೀಟರ್ ಆಗುತ್ತದೆ. ಅದಕ್ಕೆ ಹಲ್ಲುಕಡ್ಡಿಯ ತುದಿಗೆ ವಾಟರ್ ಪೇಪರ್ ಸುತ್ತಿ, ತುತ್ತೂರಿಯ ಒಳಗಿಟ್ಟು, ಬೆರಳಲ್ಲಿ ತಿರುಗಿಸುತ್ತಾ ಹೋದೆ. ಹೊರಗಿನ ಆಕಾರ ಮುಟ್ಟಬಾರದು, ಒಳಗಿನಿಂದ ಮಾತ್ರ ಸವೆಸಬೇಕು. ದೀಪಕ್ಕೆ ಹಿಡಿದಾಗ ಅಂಚಿನಲ್ಲಿ ಬೆಳಕು ಸ್ವಲ್ಪ ಆಚೆ ಬಂದರೆ ಸಾಕಷ್ಟು ತೆಳುವಾಗಿದೆ ಅಂತ ಅರ್ಥ, ಅಲ್ಲಿಗೆ ನಿಲ್ಲಿಸಬೇಕು. ಮೊದಲನೆಯದಕ್ಕೆ ಒಂದು ಸಂಜೆ ಹಿಡಿಯಿತು. ಆಮೇಲಿನವು ಬೇಗ ಆದವು. ಇಡೀ ಮಾಡೆಲ್‌ನಲ್ಲಿ ಕಡಿಮೆ ಖರ್ಚಿಗೆ ಜಾಸ್ತಿ ಫಲ ಕೊಟ್ಟ ಕೆಲಸ ಇದು.

ಪ್ಲಗ್ ವೈರ್‌ಗೆ ಎಸ್‌ಪಿ ರೋಡಿಗೆ ಹೋದೆ. ಅಸಲಿ ಪ್ಲಗ್ ವೈರ್ ಸುಮಾರು 7 ಮಿ.ಮೀ. ದಪ್ಪ, ನನಗೆ ಬೇಕಾದ್ದು 0.35 ಮಿ.ಮೀ. ಅಲ್ಲಿ ಮೋಟಾರ್ ವೈಂಡಿಂಗಿಗೆ ಮಾರುವ ಇನಾಮಲ್ ತಾಮ್ರದ ತಂತಿ ಎಲ್ಲ ಗೇಜಿನಲ್ಲೂ ಸಿಗುತ್ತದೆ. ಅಂಗಡಿಯವರಿಗೆ ಗೇಜ್ ಹೇಳಿದರೆ ಸಾಕು. “ಎಷ್ಟು ಕಿಲೋ ಸರ್?” ಅಂತ ಕೇಳಿದರು. ನನಗೆ ಬೇಕಾದ್ದು ಎರಡು ಮೀಟರ್ ಅಂದೆ. ಒಂದು ತುಂಡು ಹಾಗೇ ಸುತ್ತಿ ಕೊಟ್ಟು, ದುಡ್ಡು ಬೇಡ ಅಂದರು. ಅದೇ ಬೀದಿಯಲ್ಲಿ ಸರ್ಕ್ಯೂಟ್ ಬೋರ್ಡ್ ಕೊರೆಯುವ 0.3 ಮತ್ತು 0.4 ಮಿ.ಮೀ. ಡ್ರಿಲ್ ಬಿಟ್‌ಗಳೂ ಸಿಗುತ್ತವೆ. ಹಾಬಿ ಅಂಗಡಿಯಲ್ಲಿ ಕೊಡುವ ಬೆಲೆಗಿಂತ ಎಷ್ಟೋ ಅಗ್ಗ. ಬೇಗ ಮುರಿಯುತ್ತವೆ, ಹಾಗಾಗಿ ನಾಲ್ಕಾರು ಒಟ್ಟಿಗೆ ತರಬೇಕು. ಮೆಡಿಕಲ್ ಶಾಪಿನಲ್ಲಿ ಸಿಗುವ ಸಿರಿಂಜಿನ ಸೂಜಿಗಳನ್ನೂ ತಂದೆ. ಅವುಗಳನ್ನು ಗುಂಡಗೆ ಉರುಳಿಸುತ್ತಾ ಫೈಲಿನಿಂದ ಗೀರಿ ಮುರಿದರೆ ಪೈಪಿನ ಜಾಯಿಂಟುಗಳಿಗೆ ಹೇಳಿ ಮಾಡಿಸಿದ ಕೊಳವೆಗಳು. ಚೂಪು ತುದಿಯನ್ನು ಮೊದಲು ತೆಗೆದು ಡಬ್ಬಿಗೆ ಹಾಕಿಬಿಡಿ. ಮನೆಯಲ್ಲಿ ಮಕ್ಕಳಿದ್ದರಂತೂ ಮರೆಯಬೇಡಿ.

ಡಿಎಫ್‌ವಿಯಲ್ಲಿ ಪ್ಲಗ್ಗು ನಾಲ್ಕು ವಾಲ್ವುಗಳ ನಟ್ಟನಡುವೆ ಇದೆ. ಹಾಗಾಗಿ ಕ್ಯಾಮ್ ಕವರಿನ ನಡುವಿನ ತಗ್ಗಿನಲ್ಲಿ ವೈರು ಇಳಿಯುತ್ತದೆ. ಇಗ್ನಿಷನ್ನು ಮತ್ತು ಇಂಧನ ಅಳೆದು ಕೊಡುವ ಲೂಕಸ್ ಘಟಕ ಎರಡೂ ಕೂತಿರುವುದು ‘ವಿ’ ಆಕಾರದ ಕಣಿವೆಯೊಳಗೆ, ತುತ್ತೂರಿಗಳ ಕೆಳಗೆ. ಅಂದರೆ ಎಂಟು ಪ್ಲಗ್ ವೈರು, ಎಂಟು ಇಂಧನದ ಸಣ್ಣ ಕೊಳವೆ ಎಲ್ಲವೂ ಆ ಇಕ್ಕಟ್ಟಿನಿಂದಲೇ ಹೊರಡಬೇಕು. ತುತ್ತೂರಿ ಅಂಟಿಸುವ ಮೊದಲೇ ಇದೆಲ್ಲ ಮುಗಿಯಬೇಕು. ಇಂಧನದ ಕೊಳವೆಗಳಿಗೆ ಮೀನು ಹಿಡಿಯುವ ನೈಲಾನ್ ದಾರ ಬಳಸಿದೆ. ಅದು ಹಾಗೇ ಪಾರದರ್ಶಕ, ಬಣ್ಣ ಬೇಡ. ತಾಮ್ರದ ತಂತಿ ಬಗ್ಗಿಸಿದ ಹಾಗೆ ನಿಲ್ಲುತ್ತದೆ, ಅದು ಅನುಕೂಲ. ನೈಲಾನ್ ನಿಲ್ಲುವುದಿಲ್ಲ, ಸೆಟೆದು ನೇರವಾಗುತ್ತದೆ. ಅದನ್ನು ಪೆನ್ಸಿಲಿಗೆ ಸುತ್ತಿ ಬಿಸಿನೀರಲ್ಲಿ ಅದ್ದಿ ತಣ್ಣೀರಿಗೆ ಹಾಕಿದರೆ ಬಾಗು ಉಳಿಯುತ್ತದೆ. ವೈರು ಎಲ್ಲ ಒಂದೇ ಅಚ್ಚಿನ ಹಾಗೆ ಇರಬಾರದು, ಆದರೆ ಯದ್ವಾತದ್ವಾ ಕೂಡ ಅಲ್ಲ. ಮೆಕ್ಯಾನಿಕ್ ಒಬ್ಬ ಕೈಯಿಂದ ಹಾಕಿ, ಬಿಸಿ ಪೈಪಿಗೆ ತಾಗದ ಹಾಗೆ ಪಕ್ಕಕ್ಕೆ ಸರಿಸಿದ ಹಾಗಿರಬೇಕು. ಹಳೆಯ ಕಪ್ಪು ಬಿಳುಪು ಚಿತ್ರಗಳನ್ನು ಪಕ್ಕದಲ್ಲಿ ಇಟ್ಟುಕೊಂಡೇ ಮಾಡಿದೆ.

ಒಂದು ಮಾತು: ಈ ಕಾಲದ ಕಾರಿಗೆ ಸ್ಟೀಲ್ ಹೆಣಿಗೆಯ ಹೊಳೆಯುವ ಹೋಸ್ ಹಾಕುವವರು ಬಹಳ ಮಂದಿ. ನೋಡಲು ಚೆನ್ನಾಗಿರುತ್ತದೆ ನಿಜ. ಆದರೆ 1967ರ ಚಿತ್ರಗಳಲ್ಲಿ ನನಗೆ ಕಂಡದ್ದು ಹೆಚ್ಚಾಗಿ ಕಪ್ಪು ರಬ್ಬರ್. ಕಪ್ಪು ಹೋಸೇ ಹಾಕಿದೆ.

ಈಗ ಕಾರಿನ ಮುಖ್ಯ ಜಾಗಕ್ಕೆ ಬರೋಣ. ಎಂಜಿನ್ ಕಾರಿನ ಮೈಗೆ ಸೇರುವುದು ನಾಲ್ಕೇ ಕಡೆ. ಕೆಳಗೆ ಹತ್ತಿರ ಹತ್ತಿರ ಎರಡು ಬೋಲ್ಟ್. ಮೇಲೆ ಎರಡು ತ್ರಿಕೋನದ ಸ್ಟೀಲ್ ತಗಡು, ಒಂದೊಂದು ಕ್ಯಾಮ್ ಕವರಿಗೆ ಒಂದೊಂದು. ಆ ತಗಡು ಯಾಕೆ ತೆಳು ಅಂದರೆ, ಎಂಜಿನ್ ಬಿಸಿಯಾದಾಗ ಹಿಗ್ಗುತ್ತದೆ, ಕಾರಿನ ಮೈ ಅಷ್ಟು ಹಿಗ್ಗುವುದಿಲ್ಲ. ಗಟ್ಟಿಯಾಗಿ ಹಿಡಿದರೆ ಎಲ್ಲೋ ಒಂದು ಕಡೆ ಬಿರುಕು ಬಿಡಲೇಬೇಕು. ತಗಡು ಒಂದು ದಿಕ್ಕಿಗೆ ಸ್ವಲ್ಪ ಬಾಗಿ ಆ ಹಿಗ್ಗನ್ನು ತಾಳಿಕೊಳ್ಳುತ್ತದೆ, ಇನ್ನೊಂದು ದಿಕ್ಕಿನಲ್ಲಿ ಕಾರಿನ ಭಾರವನ್ನು ಬಿಗಿಯಾಗಿ ಹಿಡಿಯುತ್ತದೆ. ಇಡೀ ಲೋಟಸ್ 49ರಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ ಇದು. ಇಷ್ಟು ಚಿಕ್ಕ ಎರಡು ತುಂಡುಗಳ ಮೇಲೆ ಅಷ್ಟು ದೊಡ್ಡ ನಂಬಿಕೆ ಇಟ್ಟಿದ್ದಾರಲ್ಲ!

ಅದನ್ನು ದಪ್ಪ ಪ್ಲಾಸ್ಟಿಕ್ಕಿನಲ್ಲಿ ಬಿಡಲು ಮನಸ್ಸು ಬರಲಿಲ್ಲ. ಕೂಲ್ ಡ್ರಿಂಕ್ಸ್ ಕ್ಯಾನಿನ ತಗಡು ಸುಮಾರು 0.1 ಮಿ.ಮೀ., ಅಂದರೆ ಅಸಲಿ ಲೆಕ್ಕದಲ್ಲಿ 2 ಮಿ.ಮೀ. ಅದರಿಂದ ತ್ರಿಕೋನಗಳನ್ನು ಕತ್ತರಿಸಿ, ಕಿಟ್ಟಿನ ಭಾಗವನ್ನೇ ಅಚ್ಚು ಮಾಡಿಕೊಂಡು ತೂತು ಕೊರೆದೆ. ಬೋಲ್ಟಿನ ತಲೆಗೆ ಪ್ಲಾಸ್ಟಿಕ್ಕಿನ ಆರು ಮೂಲೆಯ ಸಣ್ಣ ಕಡ್ಡಿಯನ್ನು ಬಿಲ್ಲೆ ಬಿಲ್ಲೆಯಾಗಿ ಕುಯ್ದೆ. ಒಳಗೆ 0.5 ಮಿ.ಮೀ. ಹಿತ್ತಾಳೆ ತಂತಿಯ ನಾಲ್ಕು ಪಿನ್ ಇಟ್ಟೆ, ಅಸಲಿ ಬೋಲ್ಟ್ ಇರುವ ನಾಲ್ಕೇ ಜಾಗದಲ್ಲಿ. ಅಂಟು ಹಾಕದೆ, ಆ ಪಿನ್‌ಗಳ ಮೇಲೇ ಎಂಜಿನ್ ನಿಲ್ಲುವ ಹಾಗೆ ಮಾಡಬೇಕು ಅನ್ನುವುದು ನನ್ನ ಆಸೆಯಾಗಿತ್ತು. ನಿಂತಿತು. ಹಿಂದಿನ ಚಕ್ರಗಳನ್ನು ಹಿಡಿದು ಎತ್ತಿದರೂ ಸರಿಯಲಿಲ್ಲ.

ಮಾವ ಇನ್ನೊಂದು ಸಲ ಬಂದಾಗ ಅದನ್ನು ತೋರಿಸಿದೆ. ತಿರುಗಿಸಿ ತಿರುಗಿಸಿ ನೋಡಿದರು.

“ಹಿಂದ್ಗಡೆ ಚಾಸಿ ಎಲ್ಲೋ?”

“ಇಲ್ಲ ಮಾವ. ಎಂಜಿನ್ನೇ ಚಾಸಿ.”

“ಅಂದ್ರೆ ಟ್ರ್ಯಾಕ್ಟರ್ ಥರ ಅನ್ನು.”

ಈ ಹೋಲಿಕೆ ನನಗೆ ಹೊಳೆದೇ ಇರಲಿಲ್ಲ. ಹೊಲದಲ್ಲಿ ಉಳುವ ಎಷ್ಟೋ ಟ್ರ್ಯಾಕ್ಟರುಗಳಿಗೂ ಬೇರೆ ಚೌಕಟ್ಟು ಇರುವುದಿಲ್ಲ. ಎಂಜಿನ್, ಗೇರ್‌ಬಾಕ್ಸ್, ಹಿಂದಿನ ಆಕ್ಸಲ್ ಒಂದಕ್ಕೊಂದು ಬೋಲ್ಟ್ ಆಗಿ ಅವೇ ಬೆನ್ನುಮೂಳೆಯಾಗುತ್ತವೆ. ಮಂಡ್ಯ ಕಡೆಯ ಗದ್ದೆಯಲ್ಲಿ ದಿನಾ ನೋಡುವ ಯಂತ್ರವನ್ನು ಇಟ್ಟುಕೊಂಡು ಮಾವ ಎರಡೇ ಕ್ಷಣದಲ್ಲಿ ಈ ಕಾರನ್ನು ಅರ್ಥ ಮಾಡಿಕೊಂಡರು. ಆಮೇಲೆ ಅವರು ಕೇಳಿದ್ದು ಸರಿಯಾದ ಪ್ರಶ್ನೆ: “ಟ್ರ್ಯಾಕ್ಟರಿಗೆ ತೂಕ ಇದ್ರೆ ನಷ್ಟ ಇಲ್ಲ. ಇದಕ್ಕೆ ತೂಕ ಇರಬಾರ್ದಲ್ಲ, ಹೆಂಗೆ ಮಾಡಿದ್ರು?” ನಾನು ನಿಯಮದ ಕನಿಷ್ಠ ತೂಕ 500 ಕಿಲೋ, ಈ ಕಾರು ಹೆಚ್ಚು ಕಡಿಮೆ ಅಷ್ಟೇ ಇತ್ತು ಅಂದೆ. ಅವರು ಸುಮಾರು ಹೊತ್ತು ಆ ತ್ರಿಕೋನದ ತಗಡನ್ನೇ ನೋಡುತ್ತಾ ಕೂತರು.

ಬಣ್ಣದ ಕೆಲಸಕ್ಕೆ ಮಳೆ ನಿಲ್ಲುವ ತನಕ ಕಾದೆ. ಗಾಳಿಯಲ್ಲಿ ತೇವ ಜಾಸ್ತಿ ಇದ್ದಾಗ ಲ್ಯಾಕರ್ ಹೊಡೆದರೆ ಮೇಲೆ ಬೆಳ್ಳಗೆ ಮಂಜು ಕೂತ ಹಾಗಾಗುತ್ತದೆ. ಬೆಂಗಳೂರಿನಲ್ಲಿ ಡಿಸೆಂಬರ್ ಕೊನೆಯಿಂದ ಮಾರ್ಚ್ ತನಕ ಒಳ್ಳೆಯ ಕಾಲ. ಮಂಗಳೂರು, ಉಡುಪಿ ಕಡೆಯವರು ಬಣ್ಣ ಹೊಡೆದ ಭಾಗಗಳನ್ನು ಸಿಲಿಕಾ ಜೆಲ್ ಪೊಟ್ಟಣ ಹಾಕಿದ ಗಾಳಿಯಾಡದ ಡಬ್ಬದಲ್ಲಿ ಒಣಗಿಸುವುದು ವಾಸಿ. ಮುಖಕ್ಕೆ ಮಾಸ್ಕ್, ಕಿಟಕಿಗೆ ಎಕ್ಸಾಸ್ಟ್ ಫ್ಯಾನ್ ಎರಡೂ ಇರಲೇಬೇಕು.

ಹಳದಿ ಪಟ್ಟೆಗೆ ಕಿಟ್ ಸ್ಟಿಕ್ಕರಿಗಿಂತ ಬಣ್ಣವೇ ಚೆಂದ. ಹಳದಿ ಬಣ್ಣ ಕೆಳಗಿನದನ್ನು ಮುಚ್ಚುವುದಿಲ್ಲ, ಹಸಿರಿನ ಮೇಲೆ ಹೊಡೆದರೆ ಕೊಳಕಾಗಿ ಕಾಣುತ್ತದೆ. ಅದಕ್ಕೇ ಕ್ರಮ ತಲೆಕೆಳಗು: ಮೊದಲು ಬಿಳಿ ಪ್ರೈಮರ್, ಅದರ ಮೇಲೆ ಹಳದಿ, ಹಳದಿ ಒಣಗಿದ ಮೇಲೆ ಪಟ್ಟೆಯ ಜಾಗಕ್ಕೆ ಟೇಪು. ಇಲ್ಲಿ ಒಂದು ಸಣ್ಣ ಉಪಾಯ ಇದೆ. ಟೇಪು ಅಂಟಿಸಿದ ಮೇಲೆ ಅದರ ಅಂಚಿನುದ್ದಕ್ಕೂ ಮತ್ತೆ ಹಳದಿಯನ್ನೇ ತೆಳುವಾಗಿ ಹೊಡೆಯಬೇಕು. ಟೇಪಿನ ಅಡಿಗೆ ನುಗ್ಗುವುದಿದ್ದರೆ ಹಳದಿಯೇ ನುಗ್ಗಿ ಸಂದು ಮುಚ್ಚುತ್ತದೆ. ಆಮೇಲೆ ಹೊಡೆದ ಹಸಿರು ಒಳಗೆ ಹೋಗಲು ದಾರಿ ಇರುವುದಿಲ್ಲ. ಗೆರೆ ಚಾಕುವಿನಲ್ಲಿ ಕೊಯ್ದ ಹಾಗೆ ಬರುತ್ತದೆ.

ಹಸಿರು ಯಾವುದು ಅನ್ನುವ ಚರ್ಚೆ ಮುಗಿಯುವಂಥದ್ದಲ್ಲ. 1967ರ ಬಣ್ಣದ ಚಿತ್ರಗಳಲ್ಲಿ ಅದೇ ಕಾರು ಬಿಸಿಲಲ್ಲಿ ಒಂದು ಹಸಿರು, ನೆರಳಲ್ಲಿ ಇನ್ನೊಂದು. ತಮಿಯಾದ ಟಿಎಸ್-9 ಬ್ರಿಟಿಷ್ ಗ್ರೀನ್ ಡಬ್ಬಿಯ ಬಣ್ಣವನ್ನು ಏರ್‌ಬ್ರಷ್ಷಿಗೆ ಸುರಿದುಕೊಂಡು, ಎರಡು ಹನಿ ಹಳದಿ ಬೆರೆಸಿದೆ. ಇಷ್ಟು ಚಿಕ್ಕ ಕಾರಿನ ಮೇಲೆ ಗಾಢ ಬಣ್ಣ ಇನ್ನೂ ಗಾಢವಾಗಿ, ಕಪ್ಪಿನ ಹಾಗೆ ಕಾಣುತ್ತದೆ. ಒಂದು ಚೂರು ತಿಳಿ ಮಾಡಿದರೇ ಕಣ್ಣಿಗೆ ಸರಿ.

ದಪ್ಪದ ಲೆಕ್ಕ ಇಲ್ಲೂ ಕಾಡುತ್ತದೆ. ಪ್ರೈಮರ್, ಬಣ್ಣ, ಮೇಲಿನ ಪಾರದರ್ಶಕ ಕ್ಲಿಯರ್ ಎಲ್ಲ ಸೇರಿ 0.1 ಮಿ.ಮೀ. ಆದರೂ ಅಸಲಿ ಕಾರಿನ ಮೇಲೆ 2 ಮಿ.ಮೀ. ಬಣ್ಣ ಬಳಿದ ಹಾಗೆ. ಅಲ್ಯೂಮಿನಿಯಂ ತಗಡಿನ ಮೈ ಮೇಲಿನ ರಿವೆಟ್ ತಲೆಗಳು ಅಷ್ಟರಲ್ಲಿ ಮುಳುಗಿಹೋಗುತ್ತವೆ. ಅದಕ್ಕೆ ಬಣ್ಣ ತೆಳ್ಳಗೆ, ಹಲವು ಸಲ. ನಂಬರಿನ ಡೆಕಾಲ್ (ನೀರಲ್ಲಿ ನೆನೆಸಿ ಅಂಟಿಸುವ ತೆಳು ಚಿತ್ರ) ಮೇಲೆ ಕ್ಲಿಯರ್ ಹೊಡೆಯುವಾಗ ಮೊದಲು ದೂರದಿಂದ ಧೂಳಿನ ಹಾಗೆ, ಆಮೇಲೆ ಮಾತ್ರ ಒದ್ದೆಯಾಗಿ. ಒಮ್ಮೆಗೇ ಒದ್ದೆ ಹೊಡೆದರೆ ಡೆಕಾಲ್ ಸುರುಟಿಕೊಳ್ಳುತ್ತದೆ. ವಾರಗಟ್ಟಲೆ ಒಣಗಲು ಬಿಟ್ಟು, 3000 ನಂಬರಿನ ಪೇಪರಿನಿಂದ ನೀರಲ್ಲಿ ಉಜ್ಜಿ, ಕಾಂಪೌಂಡ್ ಹಾಕಿ ಹತ್ತಿ ಬಟ್ಟೆಯಲ್ಲಿ ತಿಕ್ಕಿದೆ.

ಸಸ್ಪೆನ್ಷನ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮುಂದೆ ಸ್ಪ್ರಿಂಗುಗಳು ಮೈಯೊಳಗೇ ಅಡಗಿವೆ, ಹೊರಗೆ ಕಾಣುವುದು ರಾಕರ್ ತೋಳು ಮಾತ್ರ. ಹಿಂದೆ ಎಲ್ಲವೂ ಬಯಲಲ್ಲಿ. ಉದ್ದನೆಯ ರೇಡಿಯಸ್ ರಾಡ್‌ಗಳು ಮೈಯಿಂದ ಹೊರಟು ಹಿಂದಿನ ಚಕ್ರಕ್ಕೆ ಹೋಗುತ್ತವೆ. ಆ ಪ್ಲಾಸ್ಟಿಕ್ ಕಡ್ಡಿಗಳ ಬದಲು ಸ್ಟೀಲ್ ತಂತಿ ಹಾಕಿದರೆ ನೇರವಾಗಿಯೂ ತೆಳುವಾಗಿಯೂ ಇರುತ್ತದೆ. ರಬ್ಬರ್ ಟೈರಿನ ನಡುವಿನ ಅಚ್ಚಿನ ಗೆರೆಯನ್ನು ಉಜ್ಜಿ ತೆಗೆಯಲೇಬೇಕು. ಎರಡೂ ಬದಿಯ ಎಕ್ಸಾಸ್ಟ್‌ನಲ್ಲಿ ನಾಲ್ಕು ನಾಲ್ಕು ಪೈಪು ಒಂದಾಗಿ, ಆ ಎರಡು ಉದ್ದ ಬಾಲಗಳು ಗೇರ್‌ಬಾಕ್ಸಿಗಿಂತಲೂ ಹಿಂದಕ್ಕೆ ಚಾಚಿಕೊಂಡಿರುತ್ತವೆ. ಅವುಗಳ ಬಾಯನ್ನು ಕೊರೆದು ಟೊಳ್ಳು ಮಾಡಿದೆ.

ಕಾಕ್‌ಪಿಟ್‌ನಲ್ಲಿ ಸೀಟ್ ಬೆಲ್ಟ್ ಹಾಕಲಿಲ್ಲ. ಮಾಡೆಲ್ ಮಾಡುವವರ ಕೈ ತಾನಾಗಿಯೇ ಬೆಲ್ಟಿನ ಕಡೆ ಹೋಗುತ್ತದೆ, ಬಣ್ಣ ಬಣ್ಣದ ಪಟ್ಟಿ, ಸಣ್ಣ ಬಕಲ್ ನೋಡಲು ಅಂದ. ಆದರೆ ಕ್ಲಾರ್ಕ್ ಆ ದಿನ ಬೆಲ್ಟ್ ಕಟ್ಟಿರಲಿಲ್ಲ. ಎರಡೂ ಪಕ್ಕದಲ್ಲಿ, ಬೆನ್ನ ಹಿಂದೆ ಪೆಟ್ರೋಲ್ ಟ್ಯಾಂಕು, ಅದರ ಹಿಂದೆ 400 ಅಶ್ವಶಕ್ತಿ. ಸೀಟಿಗೆ ಬಣ್ಣ ಹಚ್ಚುತ್ತಾ ಆ ಇಕ್ಕಟ್ಟಿನ ಜಾಗವನ್ನು ನೋಡಿದಾಗ ನನಗೆ ಆ ಕಾಲದ ಚಾಲಕರ ಬಗ್ಗೆ ಹೇಳಲಾಗದಷ್ಟು ಗೌರವ ಬಂತು, ಸಂಕಟವೂ ಆಯಿತು.

ಇನ್ನು ಕೊಳೆಯ ವಿಷಯ. ಹಳೆಯ ರೇಸ್ ಕಾರು ಅಂದ ಕೂಡಲೇ ಎಣ್ಣೆ ಕಲೆ, ಕಿತ್ತ ಬಣ್ಣ, ತುಕ್ಕು ಎಲ್ಲ ಹಾಕುವುದು ಒಂದು ರೂಢಿ. ಕೆಲವು ಕಾರಿಗೆ ಅದು ಸರಿ, ಲೆ ಮಾನ್ಸ್‌ನಲ್ಲಿ 24 ಗಂಟೆ ಓಡಿದ ಕಾರು ಕೊಳಕಾಗಿಯೇ ಇರಬೇಕು. ಆದರೆ ನನ್ನದು ಜಾಂಡ್‌ವೋರ್ಟ್‌ನಲ್ಲಿ ರೇಸು ಶುರುವಾಗುವ ಮುಂಚಿನ ಕಾರು. ಆಗ ತಾನೇ ಮುಗಿದದ್ದು. ಅದರ ಕ್ಯಾಮ್ ಕವರ್ ಮೇಲೆ ಎಣ್ಣೆ ಸುರಿದಿರಲಿಲ್ಲ, ಪೈಪು ನೀಲಿಗಟ್ಟಿರಲಿಲ್ಲ. ಅಭ್ಯಾಸದ ಸುತ್ತುಗಳಲ್ಲಿ ಆಗಿರಬಹುದಾದಷ್ಟು ಮಾತ್ರ ಮಾಡಿದೆ: ಎಕ್ಸಾಸ್ಟ್‌ನ ಬುಡದಲ್ಲಿ ಸ್ವಲ್ಪ ಕಂದು, ಬಾಯಲ್ಲಿ ಮಸಿ, ಟೈರಿನ ಮೇಲೆ ಮರಳ ದಿಬ್ಬಗಳ ನಡುವೆ ಓಡಿದ ಗುರುತಿಗೆ ತಿಳಿ ಕಂದು ಪುಡಿ. ಉಳಿದದ್ದೆಲ್ಲ ಶುಭ್ರ. ಹಳೆಯದು ಅನ್ನುವುದು ನಮಗೆ. ಅವತ್ತಿನ ಮೆಕ್ಯಾನಿಕ್‌ಗಳಿಗೆ ಅದಕ್ಕಿಂತ ಹೊಸ ಕಾರು ಲೋಕದಲ್ಲೇ ಇರಲಿಲ್ಲ. ಆ ಹೊಸತನವನ್ನು ತೋರಿಸುವುದು ತುಕ್ಕು ತೋರಿಸುವುದಕ್ಕಿಂತ ಕಷ್ಟ, ಯಾಕೆಂದರೆ ಕೊಳೆ ಎಷ್ಟೋ ಒರಟುತನವನ್ನು ಮುಚ್ಚುತ್ತದೆ.

ಕೊನೆಯ ಜೋಡಣೆಗೆ ಒಂದು ಭಾನುವಾರ ಸಾಕಾಯಿತು. ಮೈ ಮುಗಿದಿತ್ತು, ಎಂಜಿನ್ ಗೇರ್‌ಬಾಕ್ಸ್ ಸಮೇತ ಮುಗಿದಿತ್ತು. ನಾಲ್ಕು ಪಿನ್ ನಾಲ್ಕು ತೂತಿಗೆ ಇಳಿದವು, ರೇಡಿಯಸ್ ರಾಡ್ ಸೇರಿದವು, ಗಾಜನ್ನು ಪಿವಿಎ ಅಂಟಿನಲ್ಲಿ ಕೂರಿಸಿದೆ. ಸೂಪರ್ ಗ್ಲೂ ಆಗಿದ್ದರೆ ಗಾಜಿನ ಮೇಲೆ ಬಿಳಿ ಹೊಗೆ ಕೂರುತ್ತದೆ, ಅದಕ್ಕೇ ಪಿವಿಎ. ಗಾಜಿನ ಹಲಗೆಯ ಮೇಲಿಟ್ಟು ನೋಡಿದಾಗ ನಾಲ್ಕೂ ಚಕ್ರ ನೆಲ ಮುಟ್ಟಿದ್ದವು. ಎಂಜಿನ್ ಇವತ್ತಿಗೂ ಅಂಟಿಲ್ಲದೆ ನಿಂತಿದೆ, ಬೇಕಾದರೆ ಬಿಚ್ಚಿ ಕೈಯಲ್ಲಿ ಹಿಡಿದು ತೋರಿಸಬಹುದು. ಮನೆಗೆ ಬಂದ ಮಕ್ಕಳಿಗೆ ಹಾಗೆ ಬಿಚ್ಚಿ ತೋರಿಸಿದಾಗ ಅವರೂ ಕೇಳುವುದು ಮಾವನ ಪ್ರಶ್ನೆಯನ್ನೇ: ಹಿಂದೆ ಬೇರೇನೂ ಇಲ್ವಾ? ಕಪಾಟಿನಲ್ಲಿ ಕಾರಿನ ಬಾಲ ನೋಡುವವರ ಕಡೆಗಿರುವ ಹಾಗೆ ಇಟ್ಟಿದ್ದೇನೆ.

ಡಿಎಫ್‌ವಿ ಮತ್ತು ಅದರ ಮುಂದಿನ ರೂಪಗಳು 1983ರ ಡೆಟ್ರಾಯಿಟ್ ರೇಸಿನ ತನಕ 155 ಗ್ರ್ಯಾನ್ ಪ್ರಿ ಗೆದ್ದವು. ಮುಂದಿನ ಕೆಲಸವಾಗಿ ಗ್ರಹಾಂ ಹಿಲ್ ಅವರು 1968ರ ಮೊನಾಕೊದಲ್ಲಿ ಗೆದ್ದ 49ಬಿ ಕಾರನ್ನು ಕಟ್ಟುವ ಮನಸ್ಸಿದೆ. ಅದರಲ್ಲಿ ಜೆಡ್‌ಎಫ್ ಬದಲು ಹ್ಯೂಲೆಂಡ್ ಗೇರ್‌ಬಾಕ್ಸ್, ಹಾಗಾಗಿ ಎಂಜಿನ್ನಿನಿಂದ ಹಿಂದಕ್ಕೆ ಇರುವುದೆಲ್ಲ ಬೇರೆ. ಆ ಗೇರ್‌ಬಾಕ್ಸಿನ ಸ್ಪಷ್ಟವಾದ ಹಳೆಯ ಚಿತ್ರಗಳನ್ನು ಈಗ ಕೂಡಿಹಾಕುತ್ತಿದ್ದೇನೆ.